ಬೆಲೆ ಮತ್ತು ಪರಿಮಾಣ: ವಿದ್ಯುತ್ ಗಿಟಾರಿನ ನಿಮಿತ್ತ ಒಂದು ವಿಚಾರ

ಗೃಹಸ್ಥನ ಬಾಹ್ಯ ಪರಿಗ್ರಹವನ್ನು ಎಣಿಸುವಾಗ ನಮ್ಮ ಆಚಾರ್ಯರು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ದಾಸಿ, ದಾಸ, ಬಟ್ಟೆಬರೆ, ಪಾತ್ರೆಪಡಗ ಎಂದು ಹತ್ತು ಬಗೆಗಳನ್ನು ಹೇಳಿದ್ದಾರೆ. ವಿದ್ಯುತ್ ಗಿಟಾರು ಆ ಪಟ್ಟಿಯಲ್ಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಆದರೆ ಒಂದು ವಸ್ತುವಿಗೆ ಎಷ್ಟು ಹಣ ಕೊಡುವುದು ಯೋಗ್ಯ ಎಂಬ ಪ್ರಶ್ನೆಗೆ ಈ ವಾದ್ಯದಷ್ಟು ಒಳ್ಳೆಯ ಉದಾಹರಣೆ ಈ ಕಾಲದಲ್ಲಿ ಸಿಗುವುದು ಕಷ್ಟ. ಅಕ್ಕಿಗೆ ಒಂದು ಮಾರುಕಟ್ಟೆಯ ದರವಿದೆ. ಬಂಗಾರಕ್ಕೆ ಪ್ರತಿದಿನ ಪತ್ರಿಕೆಯಲ್ಲಿ ದರ ಬರುತ್ತದೆ. ಗಿಟಾರಿಗೆ ಹದಿನೈದು ಸಾವಿರ ರೂಪಾಯಿಯೂ ಬೆಲೆ, ಎರಡು ಲಕ್ಷವೂ ಬೆಲೆ, ಹರಾಜಿನಲ್ಲಿ ಕೋಟಿಗಟ್ಟಲೆಯೂ ಬೆಲೆ. ರೂಪದಲ್ಲಿ ಇವು ಮೂರೂ ಒಂದೇ: ಮರದ ಒಂದು ಹಲಗೆ, ಉದ್ದನೆಯ ಒಂದು ಕುತ್ತಿಗೆ, ಆರು ಉಕ್ಕಿನ ತಂತಿ.

ನಮ್ಮ ಸಮಾಜದ ಒಂದು ಮನೆಯಲ್ಲಿ ಈ ವಿಷಯ ತಂದೆ ಮಗನ ನಡುವೆ ಮಾತಿಗೆ ಬಂತು. ತಂದೆಯವರು ಬಸದಿಯೊಂದರ ಟ್ರಸ್ಟಿನಲ್ಲಿ ಬಹುಕಾಲದಿಂದ ಸೇವೆ ಸಲ್ಲಿಸುತ್ತಿರುವವರು. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಕಾಲೇಜಿನ ದಿನಗಳಿಂದ ಸಾಧಾರಣ ಬೆಲೆಯ ಗಿಟಾರೊಂದನ್ನು ನುಡಿಸುತ್ತ ಬಂದವನು, ಈಗ ಅಮೆರಿಕದಲ್ಲಿ ತಯಾರಾದ ಒಂದನ್ನು ಕೊಳ್ಳಬಯಸಿದ. ಬೆಲೆ ಎರಡು ಲಕ್ಷದ ಹತ್ತಿರ. "ಒಂದು ಹಲಗೆಗೆ ಎರಡು ಲಕ್ಷವೆ?" ಎಂದು ತಂದೆ. "ನನ್ನ ಸ್ವಂತ ದುಡಿಮೆಯ ಹಣವಲ್ಲವೆ, ಅಪ್ಪ?" ಎಂದು ಮಗ. ಕೊನೆಗೆ ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು. ವಿಚಾರ ಮಾಡಿದಂತೆ ನನಗೆ ಕಂಡದ್ದೆಂದರೆ, ತಂದೆಯವರ ಮಾತು ವಸ್ತುವನ್ನು ಕುರಿತದ್ದು, ಮಗನ ಮಾತು ಹಕ್ಕನ್ನು ಕುರಿತದ್ದು. ಅಣುವ್ರತದ ಪ್ರಶ್ನೆಯನ್ನು ಇಬ್ಬರೂ ಕೇಳಿರಲಿಲ್ಲ. ಹಣ ನ್ಯಾಯೋಪಾತ್ತವಾಗಿರಬೇಕೆಂಬುದು ಪಂಡಿತ ಆಶಾಧರರು ಶ್ರಾವಕನಿಗೆ ಹೇಳಿದ ಗುಣಗಳಲ್ಲಿ ಮೊದಲನೆಯದು, ನಿಜ. ಆದರೆ ನ್ಯಾಯವಾಗಿ ಬಂದ ಹಣವೆಂಬ ಮಾತ್ರಕ್ಕೆ ಅದರ ವ್ಯಯವೆಲ್ಲ ನ್ಯಾಯವಾಗುವುದಿಲ್ಲ.

ಮೊದಲು ಒಂದು ಸಂದೇಹವನ್ನು ದೂರಮಾಡಬೇಕು. ಗಿಟಾರು ಪರದೇಶದ ವಾದ್ಯ, ಅದರ ಸಂಗೀತ ಗದ್ದಲದ್ದು, ಆದುದರಿಂದ ಚರ್ಚೆಯೇ ಬೇಡ ಎನ್ನುವವರು ನಮ್ಮಲ್ಲಿದ್ದಾರೆ. ಜೈನ ಪರಂಪರೆ ಸಂಗೀತಕ್ಕೆ ಎಂದೂ ಬೆನ್ನು ತಿರುಗಿಸಿಲ್ಲ. ಆದಿತೀರ್ಥಂಕರರು ತಮ್ಮ ಮಕ್ಕಳಿಗೆ ವಿದ್ಯೆಗಳನ್ನು ಹಂಚಿದಾಗ ವೃಷಭಸೇನನಿಗೆ ಗಾಂಧರ್ವಶಾಸ್ತ್ರವನ್ನು ಉಪದೇಶಿಸಿದರೆಂದು ಜಿನಸೇನಾಚಾರ್ಯರ ಮಹಾಪುರಾಣ ಹೇಳುತ್ತದೆ. ಸಂಗೀತಸಮಯಸಾರವನ್ನು ಬರೆದ ಪಾರ್ಶ್ವದೇವ ಜೈನನೇ. ವಾದ್ಯ ಯಾವ ದೇಶದ್ದು ಎಂಬುದು ನೀತಿಯ ಪ್ರಶ್ನೆಯಲ್ಲ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಅದನ್ನು ಬಸದಿಯ ಭಜನೆಯಲ್ಲಿ ಕೂರಿಸುವ ಮೊದಲು ನಾವು ಅದರ ಕುಲವನ್ನು ಕೇಳಲಿಲ್ಲ.

ಹಾಗಾದರೆ ವಸ್ತುವನ್ನು ನೋಡೋಣ. ವಿದ್ಯುತ್ ಗಿಟಾರಿನ ಒಡಲು ವೀಣೆಯ ಕೊಡದಂತೆ ಟೊಳ್ಳಲ್ಲ. ಬಹುಮಟ್ಟಿಗೆ ಗಟ್ಟಿ ಮರ. ತಂತಿಗಳ ಕೆಳಗೆ ಅಯಸ್ಕಾಂತಗಳಿದ್ದು ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ಆಂಪ್ಲಿಫೈಯರ್ ಆ ವಿದ್ಯುತ್ತನ್ನು ಹಿಗ್ಗಿಸಿ ಸ್ಪೀಕರಿಗೆ ಒಪ್ಪಿಸುತ್ತದೆ. ಆದುದರಿಂದ ನಾವು ಕೇಳುವ ನಾದದಲ್ಲಿ ಗಿಟಾರಿನ ಪಾಲು ಒಂದು ಭಾಗ ಮಾತ್ರ. ಸುರುಳಿ, ಆಂಪ್ಲಿಫೈಯರ್, ಸ್ಪೀಕರ್, ಎಲ್ಲಕ್ಕಿಂತ ಹೆಚ್ಚಾಗಿ ನುಡಿಸುವವನ ಬೆರಳು, ಇವುಗಳ ಪಾಲು ಉಳಿದದ್ದು.

ಈ ವಾದ್ಯ ಹುಟ್ಟಿದ್ದೇ ಸರಳ ಉಪಕರಣವಾಗಿ. ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರ್ 1950ರಲ್ಲಿ ಗಟ್ಟಿ ಮರದ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಕುತ್ತಿಗೆಯನ್ನು ಒಡಲಿಗೆ ಅಂಟಿಸದೆ ತಿರುಪುಗಳಿಂದ ಬಿಗಿದರು. ತಯಾರಿಕೆ ಸುಲಭವಾಗಬೇಕು, ಕೆಟ್ಟರೆ ಬದಲಾಯಿಸಲು ಬರಬೇಕು ಎಂಬುದು ಅವರ ದೃಷ್ಟಿ. ಅವರಿಗೆ ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲ. 1954ರಲ್ಲಿ ಅವರು ಹೊರತಂದ ಸ್ಟ್ರಾಟೋಕಾಸ್ಟರಿನ ಬೆಲೆ 249 ಡಾಲರ್ 50 ಸೆಂಟ್. ಅಂದಿನ ಅಮೆರಿಕದ ದುಡಿಯುವ ಸಂಗೀತಗಾರನಿಗೆ ಅದೇನೂ ಅಗ್ಗವಲ್ಲ. ಆದರೆ ಪೂಜೆಯ ಕೋಣೆಯಲ್ಲಿಡುವ ವಸ್ತುವೂ ಅಲ್ಲ, ಬಡಗಿಯ ಉಳಿಯಂತೆ ಕೆಲಸದ ಸಾಮಾನು.

ಬೆಲೆ ಏರಿದಂತೆ ನಾದವೂ ಏರುವುದೆ? ಒಂದು ಮಟ್ಟದವರೆಗೆ ಏರುವುದು ನಿಜ. ತೀರ ಅಗ್ಗದ ಗಿಟಾರಿನಲ್ಲಿ ಶ್ರುತಿ ನಿಲ್ಲುವುದಿಲ್ಲ, ಮೆಟ್ಟಿಲುಗಳ ತುದಿ ಬೆರಳನ್ನು ಕೊರೆಯುತ್ತದೆ. ಕಲಿಯುವ ಮಗುವಿಗೆ ಅಂಥದನ್ನು ಕೊಡಿಸಿ ಹಣ ಉಳಿಸಿದೆವೆಂದು ಹಿಗ್ಗುವುದು ಜಾಣತನವಲ್ಲ. ಅಲ್ಲಿಂದ ಮಧ್ಯಮ ಬೆಲೆಯದಕ್ಕೆ ಹೋದಾಗ ವ್ಯತ್ಯಾಸ ಎಲ್ಲರ ಕೈಗೂ ತಿಳಿಯುತ್ತದೆ. ಅದರಿಂದ ಮೇಲಕ್ಕೆ ಬೆಲೆ ಮೂರು ನಾಲ್ಕು ಪಟ್ಟು ಹೆಚ್ಚುತ್ತದೆ, ವ್ಯತ್ಯಾಸ ಕೂದಲೆಳೆಯಷ್ಟು ಹೆಚ್ಚುತ್ತದೆ. ಪಿಟೀಲಿನ ಲೋಕದಲ್ಲಿ ನಡೆದ ಒಂದು ಪರೀಕ್ಷೆ ಇಲ್ಲಿ ನೆನಪಿಡತಕ್ಕದ್ದು. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ಕ್ಲಾಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು 21 ಮಂದಿ ಪಿಟೀಲು ವಾದಕರಿಗೆ ಯಾವುದು ಹಳತು ಯಾವುದು ಹೊಸತು ಎಂದು ತಿಳಿಯದಂತೆ ಮಾಡಿ ಆರು ಪಿಟೀಲುಗಳನ್ನು ಕೊಟ್ಟರು. ಮೂರು ಹೊಸವು, ಉಳಿದ ಮೂರರಲ್ಲಿ ಎರಡು ಸ್ಟ್ರಾಡಿವೇರಿಯಸ್, ಒಂದು ಗ್ವಾರ್ನೇರಿ. ಹೆಚ್ಚಿನವರು ಮೆಚ್ಚಿ ಆಯ್ದದ್ದು ಹೊಸ ಪಿಟೀಲನ್ನು. ಕಣ್ಣು ಕಟ್ಟಿದಾಗ ಕಿವಿ ಒಂದು ಬೆಲೆ ಹೇಳುತ್ತದೆ, ಕಣ್ಣು ತೆರೆದಾಗ ಹೆಸರು ಮತ್ತೊಂದು ಬೆಲೆ ಹೇಳುತ್ತದೆ. ಅನೇಕಾಂತವನ್ನು ಬಲ್ಲವರು ಇದರಿಂದ ಬೆಚ್ಚಬೇಕಾಗಿಲ್ಲ. ಎರಡೂ ಬೆಲೆಗಳೇ, ಆದರೆ ನಾನು ಹಣ ಕೊಡುತ್ತಿರುವುದು ಎರಡರಲ್ಲಿ ಯಾವುದಕ್ಕೆ ಎಂಬುದನ್ನು ತಿಳಿದು ಕೊಡುವುದು ವಿವೇಕ, ತಿಳಿಯದೆ ಕೊಡುವುದು ಮೋಹ.

ಇಷ್ಟು ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣಲಿಲ್ಲ, ಮೂರ್ಛೆಯಲ್ಲಿ ಕಂಡರು. ನನ್ನದು ಎಂಬ ಮಮತೆಯೇ ಪರಿಗ್ರಹವಾದರೆ ಎರಡು ಲಕ್ಷದ ಗಿಟಾರನ್ನು ನಿರ್ಮೋಹದಿಂದ ಇಟ್ಟುಕೊಂಡವನು ಇಪ್ಪತ್ತು ಸಾವಿರದ್ದನ್ನು ಮೋಹದಿಂದ ಅಪ್ಪಿಕೊಂಡವನಿಗಿಂತ ಮೇಲಲ್ಲವೆ? ಬೆಲೆಯ ಪ್ರಶ್ನೆಯೇ ಅಪ್ರಸ್ತುತವಲ್ಲವೆ? ಈ ವಾದವನ್ನು ಬುದ್ಧಿವಂತ ಯುವಕರು ಬೇಗ ಕಂಡುಕೊಳ್ಳುತ್ತಾರೆ. ಶ್ರೀಮಂತರು ಇನ್ನೂ ಬೇಗ.

ವಾದದ ಅರ್ಧ ಸರಿಯಾದದ್ದೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹದ ದೋಷಕ್ಕೆ ದೃಷ್ಟಾಂತವಾಗಿ ಹೆಸರಿಸಿದ್ದು ಯಾವ ಸಾಮ್ರಾಟನನ್ನೂ ಅಲ್ಲ, ಶ್ಮಶ್ರುನವನೀತನನ್ನು. ಕಥೆಯನ್ನು ವಾಚಕರು ಬಲ್ಲರು. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ಕೂಡಿಸಿ ಕೂಡಿಸಿ ಒಂದು ಗಡಿಗೆ ತುಪ್ಪ ಮಾಡಿದವನು ಅವನು. ಗಡಿಗೆಯನ್ನು ಕಾಲದೆಸೆಯಲ್ಲಿ ಇರಿಸಿ ಮಲಗಿ, ಆ ತುಪ್ಪದಿಂದ ವ್ಯಾಪಾರ, ವ್ಯಾಪಾರದಿಂದ ಐಶ್ವರ್ಯ, ಐಶ್ವರ್ಯದಿಂದ ರಾಜ್ಯ ಎಂದು ಕನಸು ಕಾಣುತ್ತ, ಕನಸಿನಲ್ಲೇ ರಾಣಿಯನ್ನು ಕಾಲಿನಿಂದ ಒದ್ದನು. ಒದೆ ಗಡಿಗೆಗೆ ತಾಗಿ ತುಪ್ಪ ಬೆಂಕಿಗೆ ಬಿದ್ದು ಅವನು ಸುಟ್ಟುಹೋದನು. ಆ ಬೆಣ್ಣೆಗೆ ಅವನು ಕೊಟ್ಟ ಬೆಲೆ ಸೊನ್ನೆ. ಸೊನ್ನೆಯ ಬೆಲೆಯ ವಸ್ತುವಿನಲ್ಲೂ ನರಕಕ್ಕೆ ಸಾಕಾಗುವಷ್ಟು ಮೂರ್ಛೆ ಹಿಡಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೃಷ್ಟಾಂತ ಬೇಡ. ಆದುದರಿಂದ ಅಗ್ಗದ್ದನ್ನು ಕೊಂಡೆ, ವ್ರತ ಉಳಿಯಿತು ಎಂದು ಯಾರೂ ನಿಶ್ಚಿಂತರಾಗುವಂತಿಲ್ಲ.

ಆದರೆ ಅದೇ ಆಚಾರ್ಯರು ಗೃಹಸ್ಥನಿಗೆ ಕೇವಲ ನಿರ್ಮೋಹಿಯಾಗಿರು ಎಂದು ಹೇಳಿ ಬಿಡಲಿಲ್ಲ. ಇಷ್ಟು ಎಂದು ಮೊದಲು ಅಳತೆ ಮಾಡು, ಅದಕ್ಕಿಂತ ಹೆಚ್ಚಿನದರಲ್ಲಿ ಆಸೆಯಿಡಬೇಡ ಎಂದರು. ಈ ವ್ರತಕ್ಕೆ ಪರಿಮಿತಪರಿಗ್ರಹ ಎಂಬ ಹೆಸರಿನೊಡನೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಕೊಟ್ಟರು. ಈ ಎರಡನೆಯ ಹೆಸರು ಬಹಳ ಸೂಕ್ಷ್ಮವಾದದ್ದು. ಮುನಿಗೆ ಸಾಧ್ಯವಾದ ನಿರ್ಮೋಹ ನಮಗೆ ಸಾಧ್ಯವಿಲ್ಲ ಎಂಬುದನ್ನು ತಿಳಿದೇ ಅವರು ನಮ್ಮ ಕೈಗೆ ಅಂಕಿಯನ್ನು ಕೊಟ್ಟರು. ಮೋಹವನ್ನು ಅಳೆಯಲು ನಮ್ಮಲ್ಲಿ ತಕ್ಕಡಿಯಿಲ್ಲ, ರೂಪಾಯಿಯನ್ನು ಅಳೆಯಲು ಇದೆ. "ನನಗೆ ಮೋಹವಿಲ್ಲ" ಎಂಬ ಮಾತು ಯಾವ ಪರೀಕ್ಷೆಗೂ ಸಿಗುವುದಿಲ್ಲ. "ಇದಕ್ಕೆ ಮೇಲೆ ಕೊಡುವುದಿಲ್ಲ" ಎಂಬ ಮಾತು ಅಂಗಡಿಯ ಮೆಟ್ಟಿಲಲ್ಲೇ ಪರೀಕ್ಷೆಗೆ ಒಳಗಾಗುತ್ತದೆ. ಆ ಅಂಕಿ ಅಂಗಡಿಗೆ ಹೋಗುವ ಮೊದಲೇ ನಿಶ್ಚಯವಾಗಿರಬೇಕು. ವಾದ್ಯ ತೊಡೆಯ ಮೇಲೆ ಬಂದ ಬಳಿಕ ಪರಿಮಾಣವನ್ನು ನಿಶ್ಚಯಿಸುವವನು ವ್ರತಿಯಲ್ಲ, ಗಿರಾಕಿ. ಮಾಸಿಕ ಕಂತಿನ ವ್ಯವಸ್ಥೆ ಇದನ್ನು ಇನ್ನಷ್ಟು ಮಂಕಾಗಿಸುತ್ತದೆ: ಎರಡು ಲಕ್ಷ ಎಂಬುದು ಕಣ್ಣಿಗೆ ಬೀಳದೆ ತಿಂಗಳಿಗೆ ಎಂಟು ಸಾವಿರ ಎಂಬುದಷ್ಟೇ ಕಾಣುತ್ತದೆ. ಇನ್ನೂ ದುಡಿಯದ ಹಣವನ್ನು ಇಂದಿನ ಇಚ್ಛೆಗೆ ಒತ್ತೆಯಿಟ್ಟ ಮೇಲೆ ಇಚ್ಛಾಪರಿಮಾಣ ಎಲ್ಲಿ ಉಳಿಯಿತು?

ರತ್ನಕರಂಡಕದ ಇನ್ನೊಂದು ಜಾಗವನ್ನು ನಮ್ಮವರು ಹೆಚ್ಚಾಗಿ ಗಮನಿಸಿದಂತಿಲ್ಲ. ಭೋಗೋಪಭೋಗಪರಿಮಾಣ ವ್ರತದಲ್ಲಿ ಆಚಾರ್ಯರು ಕಾಲದ ಮಿತಿಯಿಂದ ನಿಯಮ ಹಿಡಿಯಬೇಕಾದ ವಿಷಯಗಳನ್ನು ಎಣಿಸುತ್ತ ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣಗಳ ಸಾಲಿನಲ್ಲೇ ಸಂಗೀತವನ್ನೂ ಗೀತವನ್ನೂ ಸೇರಿಸಿದ್ದಾರೆ. ಇಂದು, ಈ ಹಗಲು, ಈ ರಾತ್ರಿ, ಈ ಪಕ್ಷ, ಈ ತಿಂಗಳು ಎಂದು ಕಾಲವನ್ನು ಗೊತ್ತುಮಾಡಿಕೊಂಡು ಬಿಡುವುದು ನಿಯಮ. ಸಂಗೀತ ನಿಷಿದ್ಧವಾಗಿದ್ದರೆ ಅದನ್ನು ಊಟ ಸ್ನಾನಗಳ ಜೊತೆ ಹೇಳುತ್ತಿರಲಿಲ್ಲ. ಮಿತಿ ಬೇಡವಾಗಿದ್ದರೆ ಹೇಳುತ್ತಲೇ ಇರಲಿಲ್ಲ. ಗಿಟಾರಿನ ಬೆಲೆಯಲ್ಲಿ ನಾವು ಲೆಕ್ಕಕ್ಕೆ ಹಿಡಿಯದ ದೊಡ್ಡ ಭಾಗ ಈ ಕಾಲವೇ ಆಗಿದೆ. ದಶಲಕ್ಷಣ ಪರ್ವದ ಹತ್ತು ದಿನ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಬಲ್ಲೆನೆ ಎಂದು ಕೊಳ್ಳುವವನು ತನ್ನನ್ನು ಕೇಳಿಕೊಳ್ಳಲಿ. ಇನ್ನೊಂದನ್ನೂ ಕೇಳಿಕೊಳ್ಳಲಿ: ಗೆಳೆಯನೊಬ್ಬ ಒಂದು ವಾರಕ್ಕೆ ಕೇಳಿದರೆ ಕೊಡಬಲ್ಲೆನೆ? ಗೀರು ಬಿದ್ದೀತೆಂಬ ಭಯದಿಂದ ಕೊಡಲಾಗದಷ್ಟು ಬೆಲೆಯ ವಸ್ತುವಾದರೆ, ಆ ಬೆಲೆ ಅವನ ಶಕ್ತಿಗೆ ಮೀರಿದ್ದು. ಬ್ಯಾಂಕಿನಲ್ಲಿ ಎಷ್ಟಾದರೂ ಇರಲಿ.

ಗಿಟಾರು ನುಡಿಸುವವರು ತಮ್ಮಲ್ಲೇ ಒಂದು ರೋಗವನ್ನು ಗುರುತಿಸಿ ಅದಕ್ಕೆ ಹಾಸ್ಯದ ಹೆಸರಿಟ್ಟಿದ್ದಾರೆ: ಗಿಟಾರು ಸಂಗ್ರಹದ ವ್ಯಾಧಿ. ಸ್ಟೀಲಿ ಡ್ಯಾನ್ ವೃಂದದ ವಾಲ್ಟರ್ ಬೆಕರ್ 1990ರ ದಶಕದಲ್ಲಿ ಬರೆದ ಲೇಖನದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಒಂದು ಕೊಂಡ ಬಳಿಕ ಎರಡನೆಯದು, ಅದಕ್ಕೊಂದು ಆಂಪ್ಲಿಫೈಯರ್, ಕಾಲಿನಿಂದ ಒತ್ತುವ ಪೆಡಲುಗಳ ಒಂದು ಸಾಲು. ತಮ್ಮ ದೋಷಕ್ಕೆ ತಾವೇ ಹೆಸರಿಟ್ಟು ನಗಬಲ್ಲ ಜನರ ಬಗ್ಗೆ ನನಗೆ ಗೌರವವಿದೆ. ರೇಷ್ಮೆ ಸೀರೆಗಳ ಬೀರುವನ್ನೋ ನಿವೇಶನಗಳ ಪತ್ರಗಳನ್ನೋ ಕೂಡಿಹಾಕುವ ನಮ್ಮವರು ಅಷ್ಟನ್ನೂ ಮಾಡುವುದಿಲ್ಲ.

ಇನ್ನು ಕೋಟಿಗಟ್ಟಲೆಯ ಬೆಲೆಯ ಮಾತು. ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಹೊರತಂದ ಸೂರ್ಯಾಸ್ತದ ಬಣ್ಣದ ಲೆಸ್ ಪಾಲ್ ಗಿಟಾರು ಅಂದು ಹೆಚ್ಚು ಮಾರಾಟವಾಗಲಿಲ್ಲ. ಬೆಲೆ 300 ಡಾಲರಿಗೂ ಕಡಿಮೆ. ಕಂಪನಿಯೇ ಅದನ್ನು ಕೈಬಿಟ್ಟು ಬೇರೆ ಆಕಾರಕ್ಕೆ ತಿರುಗಿತು. 1966ರಲ್ಲಿ ಎರಿಕ್ ಕ್ಲಾಪ್ಟನ್ ಜಾನ್ ಮೇಯಾಲರ ವೃಂದದೊಡನೆ ಹೊರತಂದ ಧ್ವನಿಮುದ್ರಿಕೆಯಲ್ಲಿ ಅಂಥದೊಂದರ ನಾದ ಕೇಳಿಸಿದ ಬಳಿಕ ಜನ ಅದನ್ನು ಹುಡುಕತೊಡಗಿದರು. ಇಂದು ಅದರ ಬೆಲೆ ಲಕ್ಷಗಟ್ಟಲೆ ಡಾಲರ್. ಮರ ಅದೇ, ತಂತಿ ಅದೇ. ಬದಲಾದದ್ದು ಇತರರ ಆಸೆ. ಕರ್ಟ್ ಕೊಬೇನ್ ನುಡಿಸಿದ್ದ, ವಿದ್ಯುತ್ ಸುರುಳಿ ಜೋಡಿಸಿದ ಮಾರ್ಟಿನ್ ಗಿಟಾರು 2020ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅದನ್ನು ಕೊಂಡವರು ನಾದವನ್ನು ಕೊಳ್ಳಲಿಲ್ಲ. ಒಬ್ಬ ಸತ್ತ ಗಾಯಕನ ಸ್ಪರ್ಶವನ್ನು ಕೊಂಡರು.

ಇದನ್ನು ಕೇಳಿ ನಗುವ ಮೊದಲು ನಾವು ನಮ್ಮ ಬಸದಿಯ ಸವಾಲನ್ನು ನೆನೆಯಬೇಕು. ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಲಶಕ್ಕೂ ಕೊನೆಯ ಕಲಶಕ್ಕೂ ನೀರಿನಲ್ಲಿ ಭೇದವಿಲ್ಲ. ಬೆಲೆಯಲ್ಲಿ ಎಷ್ಟು ಭೇದವಿದೆ ಎಂಬುದು 2006ರಲ್ಲೂ 2018ರಲ್ಲೂ ಶ್ರವಣಬೆಳಗೊಳಕ್ಕೆ ಹೋದವರಿಗೆಲ್ಲ ಗೊತ್ತು. ಅಲ್ಲಿಯೂ ನಾವು ಬೆಲೆ ಕಟ್ಟುವುದು ವಸ್ತುವಿಗಲ್ಲ. ಭೇದವಿರುವುದು ಹಣ ಹೋಗಿ ಸೇರುವ ಜಾಗದಲ್ಲಿ, ಕೊಟ್ಟವನು ಬರಿಗೈಯಲ್ಲಿ ಮನೆಗೆ ಹಿಂತಿರುಗುವುದರಲ್ಲಿ. ಕಲಶ ಹಿಡಿದವನ ಮನೆಯ ಗೋಡೆಯ ಮೇಲೆ ಏನೂ ತೂಗುವುದಿಲ್ಲ. (ಭಾವಚಿತ್ರ ತೂಗುತ್ತದೆ ಎನ್ನುವವರಿದ್ದಾರೆ, ಅವರ ಮಾತನ್ನು ಟ್ರಸ್ಟಿನ ಹಿರಿಯರು ಅಲ್ಲಗಳೆಯಲಾರರು.) ಗಿಟಾರಿನ ಲೋಕದಲ್ಲಿಯೂ ದಾನಕ್ಕೆ ತಿರುಗಿದ ಹರಾಜುಗಳಿವೆ. ಪಿಂಕ್ ಫ್ಲಾಯ್ಡ್ ವೃಂದದ ಡೇವಿಡ್ ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕೊಂಡಿದ್ದ ಕಪ್ಪು ಸ್ಟ್ರಾಟೋಕಾಸ್ಟರನ್ನು 2019ರಲ್ಲಿ, ತಮ್ಮ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರುಗಳೊಡನೆ, ಹರಾಜಿಗಿಟ್ಟರು. ಅದೊಂದಕ್ಕೇ 39 ಲಕ್ಷ 75 ಸಾವಿರ ಡಾಲರ್ ಬಂತು. ಒಟ್ಟು ಎರಡು ಕೋಟಿ ಡಾಲರಿಗೂ ಮೀರಿದ ಹಣವನ್ನು ಪರಿಸರ ರಕ್ಷಣೆಗಾಗಿ ನ್ಯಾಯಾಲಯಗಳಲ್ಲಿ ಹೋರಾಡುವ ಸಂಸ್ಥೆಗೆ ಕೊಟ್ಟುಬಿಟ್ಟರು. ಕ್ಲಾಪ್ಟನ್ 1970ರ ಸುಮಾರಿಗೆ ನ್ಯಾಷ್‌ವಿಲ್ಲಿನಲ್ಲಿ ಅಗ್ಗಕ್ಕೆ ಸಿಕ್ಕ ಆರು ಹಳೆಯ ಸ್ಟ್ರಾಟೋಕಾಸ್ಟರುಗಳನ್ನು ಕೊಂಡು, ಮೂರನ್ನು ಸ್ನೇಹಿತರಿಗೆ ಕೊಟ್ಟು, ಉಳಿದ ಮೂರರ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದನ್ನು ಮಾಡಿಕೊಂಡರು. ವರ್ಷಾನುಗಟ್ಟಲೆ ಅದನ್ನೇ ನುಡಿಸಿದರು. 2004ರಲ್ಲಿ ಅದು 9,59,500 ಡಾಲರಿಗೆ ಮಾರಾಟವಾಗಿ ವ್ಯಸನಿಗಳ ಚಿಕಿತ್ಸಾಕೇಂದ್ರಕ್ಕೆ ನೆರವಾಯಿತು. ಔಷಧದಾನವೆಂದು ನಾವು ಕರೆಯುವುದಕ್ಕೆ ಇದು ದೂರವಲ್ಲ.

ಆದರೆ ಇಂಥ ಸುದ್ದಿಗಳು ನಮ್ಮ ಯುವಕರಲ್ಲಿ ಬೇರೊಂದು ಯೋಚನೆಯನ್ನು ಬಿತ್ತುತ್ತವೆ: ಇಂದು ಕೊಂಡಿಟ್ಟರೆ ನಾಳೆ ಬೆಲೆ ಬಂದೀತು. ಸಮಂತಭದ್ರರು ಪರಿಮಿತಪರಿಗ್ರಹಕ್ಕೆ ಹೇಳಿದ ಅತಿಚಾರಗಳಲ್ಲಿ ಅತಿಸಂಗ್ರಹವೂ ಅತಿವಿಸ್ಮಯವೂ ಇವೆ. ಮುಂದೆ ಲಾಭ ಬಂದೀತೆಂದು ಕೂಡಿಡುವುದು ಮೊದಲನೆಯದು. ತಾನು ಮಾರಿದ ವಸ್ತುವಿನಿಂದ ಇತರರಿಗೆ ಹೆಚ್ಚು ಲಾಭವಾದಾಗ ಬೆರಗಾಗಿ ಕೊರಗುವುದು ಎರಡನೆಯದೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಹಳೆಯ ಗಿಟಾರನ್ನು ಮಾರಿ ಹತ್ತು ವರ್ಷಗಳ ಬಳಿಕ ಅದರ ಬೆಲೆ ಕೇಳಿ ನಿದ್ರೆಗೆಟ್ಟವರು ಆ ಲೋಕದಲ್ಲಿ ಬಹಳ. ನುಡಿಸಲು ಕೊಂಡದ್ದಕ್ಕೆ ಒಂದು ಬೆಲೆ ಇದೆ, ಕಾದಿಡಲು ಕೊಂಡದ್ದಕ್ಕೆ ಶ್ಮಶ್ರುನವನೀತನ ಗಡಿಗೆಯೇ ಗತಿ.

ಇದುವರೆಗೆ ಹೆಚ್ಚು ಕೊಡುವುದರ ದೋಷವನ್ನು ನೋಡಿದೆವು. ಕಡಿಮೆ ಕೊಡುವುದರಲ್ಲೂ ದೋಷವುಂಟು, ಮತ್ತು ನನ್ನ ಅಭಿಪ್ರಾಯದಲ್ಲಿ ವ್ಯಾಪಾರಸ್ಥರ ಸಮಾಜವಾದ ನಾವು ಈ ಬದಿಯಲ್ಲೇ ಹೆಚ್ಚು ಜಾರುತ್ತೇವೆ. ಅಚೌರ್ಯ ಅಣುವ್ರತಕ್ಕೆ ಉಮಾಸ್ವಾಮಿಗಳು ಹೇಳಿದ ಐದು ಅತಿಚಾರಗಳನ್ನು ಗಿಟಾರಿನ ಮಾರುಕಟ್ಟೆಯ ಎದುರು ಹಿಡಿದರೆ ಅವು ನಿನ್ನೆ ಬರೆದಂತೆ ಕಾಣುತ್ತವೆ. ತದಾಹೃತಾದಾನ, ಎಂದರೆ ಕಳವಿನ ಮಾಲನ್ನು ಕೊಳ್ಳುವುದು: ಬಿಲ್ಲಿಲ್ಲ, ಪೆಟ್ಟಿಗೆಯಿಲ್ಲ, ಕ್ರಮಸಂಖ್ಯೆ ಉಜ್ಜಿಹೋಗಿದೆ, ಬೆಲೆ ಮಾತ್ರ ಮೂರರಲ್ಲಿ ಒಂದು ಪಾಲು ಎಂದಾಗ ಆ ಗಿಟಾರು ಯಾವುದೋ ವಾದಕನ ಕಾರಿನಿಂದ ಹೋದದ್ದಿರಬಹುದೆಂದು ಊಹಿಸಲು ಅವಧಿಜ್ಞಾನ ಬೇಕಾಗಿಲ್ಲ. ಪ್ರತಿರೂಪಕ ವ್ಯವಹಾರ: ಹೆಸರಾಂತ ಕಂಪನಿಗಳ ಮುದ್ರೆಯನ್ನು ತಲೆಯ ಮೇಲೆ ಅಂಟಿಸಿದ ಖೋಟಾ ಗಿಟಾರುಗಳು ಬಹುಕಾಲದಿಂದ ಮಾರಾಟವಾಗುತ್ತಿವೆ, ತಿಳಿದೂ ಕೊಂಡು ಸಭೆಯಲ್ಲಿ ಮೆರೆಸುವವನು ಮಾರಿದವನ ಪಾಲುದಾರ. ವಿರುದ್ಧರಾಜ್ಯಾತಿಕ್ರಮವಂತೂ ನಮ್ಮ ಮನೆಗಳಿಗೆ ತೀರ ಪರಿಚಿತ. ಅಮೆರಿಕದಲ್ಲಿರುವ ಅಣ್ಣನೋ ಭಾವನೋ ರಜೆಗೆ ಬರುವಾಗ ಗಿಟಾರನ್ನು ತನ್ನದೇ ಎಂದು ಹೇಳಿ ಸುಂಕ ತಪ್ಪಿಸಿ ತರುವುದನ್ನು ನಾವು ಉಳಿತಾಯ ಎಂದು ಕರೆಯುತ್ತೇವೆ. ಹೆಸರು ಬದಲಾದರೆ ಅತಿಚಾರ ಬದಲಾಗದು.

ಅಂಗಡಿಯ ಹೊಸ ಗಿಟಾರಿನ ಅಗ್ಗದ ಬೆಲೆಯೂ ಒಮ್ಮೊಮ್ಮೆ ಪ್ರಶ್ನೆ ಎತ್ತುತ್ತದೆ. ದಕ್ಷಿಣ ಕೊರಿಯದ ಕಾರ್ಟ್ ಸಂಸ್ಥೆ 2007ರಲ್ಲಿ ಅಲ್ಲಿನ ಗಿಟಾರು ಕಾರ್ಖಾನೆಗಳ ಕೆಲಸಗಾರರನ್ನು ತೆಗೆದುಹಾಕಿ ತಯಾರಿಕೆಯನ್ನು ಇತರ ದೇಶಗಳಿಗೆ ಸಾಗಿಸಿದಾಗ ಆರಂಭವಾದ ಹೋರಾಟ ಮುಗಿದದ್ದು 2019ರಲ್ಲಿ. ಹನ್ನೆರಡು ವರ್ಷ. ಆ ಸಂಸ್ಥೆ ತನ್ನ ಹೆಸರಿನಲ್ಲಿ ಮಾತ್ರವಲ್ಲದೆ ಇತರ ಪ್ರಸಿದ್ಧ ಹೆಸರುಗಳಿಗಾಗಿಯೂ ಗಿಟಾರು ತಯಾರಿಸುತ್ತ ಬಂದದ್ದು. ಹಾಗೆಂದು ಅಗ್ಗದ ಗಿಟಾರೆಲ್ಲ ಕಣ್ಣೀರಿನಿಂದ ಆದದ್ದೆನ್ನಲಾಗದು. ಗಣಕಯಂತ್ರದಿಂದ ನಡೆಯುವ ಕೊರೆಯುವ ಯಂತ್ರಗಳು ಬಂದ ಮೇಲೆ ಬೆಲೆ ಪ್ರಾಮಾಣಿಕವಾಗಿಯೂ ಇಳಿದಿದೆ.

ಅಹಿಂಸೆಯ ದೃಷ್ಟಿಯಿಂದ ನೋಡಿದಾಗ ಈ ವಾದ್ಯದಲ್ಲಿ ಒಂದು ವಿಚಿತ್ರ ಕಾಣುತ್ತದೆ. ನಮ್ಮ ಮೃದಂಗ, ತಬಲಗಳಿಗೆ ಚರ್ಮ ಬೇಕು. ಪಶ್ಚಿಮದ ಹಳೆಯ ತಂತಿವಾದ್ಯಗಳಿಗೆ ಪ್ರಾಣಿಗಳ ಕರುಳಿನ ತಂತಿ ಬೇಕಿತ್ತು. ವಿದ್ಯುತ್ ಗಿಟಾರು ಉಕ್ಕು, ತಾಮ್ರ, ಮರಗಳಿಂದಲೇ ಪೂರ್ಣವಾಗಬಲ್ಲದು. ಆದರೆ ಬೆಲೆ ಏರಿದಂತೆ ಪ್ರಾಣಿಗಳು ಒಂದೊಂದಾಗಿ ಅದರೊಳಗೆ ಸೇರುತ್ತವೆ. ಅಗ್ಗದ ಗಿಟಾರಿನಲ್ಲಿ ತಂತಿಗಳು ಹಾದುಹೋಗುವ ಮೇಲಿನ ಪಟ್ಟಿ ಪ್ಲಾಸ್ಟಿಕ್ಕಿನದು, ದುಬಾರಿಯದರಲ್ಲಿ ದನದ ಮೂಳೆಯದು. ಅಗ್ಗದ್ದರಲ್ಲಿ ಗುರುತಿನ ಚುಕ್ಕಿಗಳು ಪ್ಲಾಸ್ಟಿಕ್, ದುಬಾರಿಯದರಲ್ಲಿ ಮುತ್ತಿನ ಚಿಪ್ಪು. 1950ರ ದಶಕದ ಮಾದರಿಗಳನ್ನು ಅಚ್ಚಳಿಯದಂತೆ ಮರುಸೃಷ್ಟಿಸಲು ಹೊರಟ ಗಿಬ್ಸನ್ ಕಂಪನಿಯ ಅತಿ ದುಬಾರಿ ಗಿಟಾರುಗಳಲ್ಲಿ ಪ್ರಾಣಿಗಳ ಚರ್ಮವನ್ನು ಕುದಿಸಿ ಮಾಡಿದ ಅಂಟನ್ನೇ ಬಳಸುತ್ತಾರೆ. ನಾದ ಉತ್ತಮವಾಗುತ್ತದೆಂಬ ನಂಬಿಕೆ. ಇಂಥಲ್ಲಿ ಶ್ರಾವಕನಿಗೆ ಬೆಲೆಯ ಚರ್ಚೆಯೇ ಇಲ್ಲ. ಪುಕ್ಕಟೆ ಕೊಟ್ಟರೂ ಅದರ ಬೆಲೆ ಹೆಚ್ಚು. ಮೂಳೆಯ ಪಟ್ಟಿಯ ಬದಲು ಕೃತಕ ವಸ್ತುವಿನದನ್ನೋ ಹಿತ್ತಾಳೆಯದನ್ನೋ ಕೆಲವೇ ನೂರು ರೂಪಾಯಿಗಳಲ್ಲಿ ಹಾಕಿಸಬಹುದು. ಹೆಗಲಪಟ್ಟಿ ಚರ್ಮದ್ದೇ ಆಗಬೇಕೆಂದಿಲ್ಲ, ಬಟ್ಟೆಯದು ಸಾಕು. ಕೊಳ್ಳುವ ಮೊದಲು ಇಷ್ಟನ್ನು ವಿಚಾರಿಸುವ ಮಗನನ್ನು ಕಂಡರೆ ಅಂಗಡಿಯವನು ನಕ್ಕಾನು. ಸೂರ್ಯಾಸ್ತದ ಮುನ್ನ ಊಟ ಕೇಳಿದಾಗ ಹೋಟೆಲಿನವನೂ ನಗುತ್ತಾನಲ್ಲ.

ಮರದ ಮಾತು ನಮ್ಮ ನಾಡಿಗೆ ಹತ್ತಿರದ್ದು. ಬೆರಳಾಡುವ ಹಲಗೆಗೆ ಹಿಂದೆ ಬ್ರೆಜಿಲಿನ ಬೀಟೆಯನ್ನು ಬಳಸುತ್ತಿದ್ದರು. ಅದು ಅಳಿವಿನ ಅಂಚಿಗೆ ಬಂದು 1992ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧವಾಯಿತು. ಅದರ ಜಾಗವನ್ನು ಬಹುಮಟ್ಟಿಗೆ ತುಂಬಿದ್ದು ಭಾರತದ ಬೀಟೆ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಮರ. 2017ರಲ್ಲಿ ಎಲ್ಲ ಬಗೆಯ ಬೀಟೆಗೂ ಅಂತರರಾಷ್ಟ್ರೀಯ ನಿಯಂತ್ರಣ ಬಂತು. ತಯಾರಾದ ವಾದ್ಯಗಳಿಗೆ 2019ರಲ್ಲಿ ರಿಯಾಯಿತಿ ದೊರೆಯಿತು. ಈಗ ಅಗ್ಗದ ಗಿಟಾರುಗಳಲ್ಲಿ ಮತ್ತಿ ಮರದ ಹಲಗೆ ಬರುತ್ತಿದೆ. ನಮ್ಮ ರೈತರು ಮನೆಗೂ ಗಾಡಿಗೂ ಬಳಸಿದ ಮತ್ತಿ ಕ್ಯಾಲಿಫೋರ್ನಿಯದ ಹೆಸರು ಹೊತ್ತು ಬರುವುದು ಸಂತೋಷವೇ. ಕರಿಮರದ ಕಥೆ ಇದಕ್ಕಿಂತ ಕಠೋರವಾದದ್ದು. ಟೇಲರ್ ಗಿಟಾರು ಕಂಪನಿಯವರು 2011ರಲ್ಲಿ ಕ್ಯಾಮರೂನಿನ ಕರಿಮರದ ಗಿರಣಿಯೊಂದನ್ನು ಪಾಲುದಾರಿಕೆಯಲ್ಲಿ ಕೊಂಡಾಗ ಅಲ್ಲಿನ ಪದ್ಧತಿ ಅವರಿಗೆ ತಿಳಿಯಿತು. ಕಡಿದು ನೋಡದೆ ಮರದ ಒಳಗಿನ ಬಣ್ಣ ಗೊತ್ತಾಗದು. ಹತ್ತು ಮರ ಕಡಿದರೆ ಒಂದು ಶುದ್ಧ ಕಪ್ಪು ಸಿಗುತ್ತಿತ್ತು, ಕಂದು ಗೆರೆಯಿದ್ದ ಉಳಿದವನ್ನು ಕಾಡಿನಲ್ಲೇ ಬಿಟ್ಟುಬಿಡುತ್ತಿದ್ದರು. ಗೆರೆಯಿದ್ದ ಮರವೂ ಅಷ್ಟೇ ಗಟ್ಟಿ, ನಾದವೂ ಅಷ್ಟೇ. ಅವರು ಗೆರೆಯಿದ್ದ ಮರವನ್ನೂ ಕೊಳ್ಳತೊಡಗಿದರು, ತಮ್ಮ ಗಿರಾಕಿಗಳಿಗೂ ವಿವರಿಸಿ ಹೇಳಿದರು. ಏಕೇಂದ್ರಿಯ ಜೀವದ ಹಿಂಸೆಯನ್ನು ಗೃಹಸ್ಥ ಪೂರ್ತಿಯಾಗಿ ತಪ್ಪಿಸಲಾರ. ಆದರೆ ಒಂದು ಬಣ್ಣದ ಚಪಲಕ್ಕೆ ಒಂಬತ್ತು ಮರ ವ್ಯರ್ಥವಾಗಿ ಬೀಳುವುದು ಅನರ್ಥದಂಡವಲ್ಲದೆ ಮತ್ತೇನು?

ತಂದೆಯವರು ಮಾತಿನ ಕೊನೆಯಲ್ಲಿ ಹೇಳಿದ ಒಂದು ವಾದಕ್ಕೆ ಬರುತ್ತೇನೆ. "ಆ ಹಣದಲ್ಲಿ ಎಷ್ಟು ಜನಕ್ಕೆ ಆಹಾರದಾನವಾಗುತ್ತಿತ್ತು!" ಎಂದರು. ಈ ವಾದಕ್ಕೆ ಉತ್ತರವಿಲ್ಲ; ಅದಕ್ಕಾಗಿಯೇ ಅದನ್ನು ಎಚ್ಚರದಿಂದ ಬಳಸಬೇಕು. ನಮ್ಮ ಮನೆಗಳಲ್ಲಿ ಈ ತಕ್ಕಡಿ ಹೊರಗೆ ಬರುವುದು ಮಕ್ಕಳ ಇಚ್ಛೆಯನ್ನು ತೂ೗ಗುವಾಗ ಮಾತ್ರ. ಮದುವೆಯ ಆರತಕ್ಷತೆಯ ಒಂದು ಸಂಜೆಗೆ ವಾದ್ಯವೃಂದವನ್ನು ಕರೆಸುತ್ತೇವೆ. ಅದರಲ್ಲಿ ಗಿಟಾರೂ ಇರುತ್ತದೆ, ಅದನ್ನು ಯಾರೂ ಕೇಳುವುದೂ ಇಲ್ಲ, ಮತ್ತು ಆ ಬಾಡಿಗೆಯಲ್ಲಿ ಎಷ್ಟು ಅನ್ನದಾನವಾದೀತೆಂದು ಲೆಕ್ಕ ಹಾಕುವುದಿಲ್ಲ. ಮಗನ ಎರಡು ಲಕ್ಷವನ್ನು ತೂಗಿದ ತಕ್ಕಡಿಯಲ್ಲಿ ತಂದೆಯ ಕಾರನ್ನೂ ತಾಯಿಯ ಬಳೆಯನ್ನೂ ತೂಗಲು ಸಿದ್ಧರಿದ್ದರೆ ಮಾತ್ರ ಆ ವಾದಕ್ಕೆ ಬಲ. ಹೀಗೆ ಹೇಳಿದ್ದರಿಂದ ಅವರಿಗೆ ಸ್ವಲ್ಪ ಬೇಸರವಾಯಿತು. ಆದರೂ ಮನೆಯವರೆಲ್ಲ ಕುಳಿತು ಪ್ರತಿಯೊಬ್ಬರೂ ತಮ್ಮ ಇಚ್ಛೆಗೆ ಒಂದು ವರ್ಷದ ಅಂಕಿ ಬರೆದಿಡಬೇಕೆಂದು ಒಪ್ಪಿದರು. ಮಗ ಬರೆದ ಅಂಕಿ 70 ಸಾವಿರ; ಅದರಲ್ಲೂ ಹಳೆಯ ಗಿಟಾರನ್ನು ಕಲಿಯುವ ಹುಡುಗನೊಬ್ಬನಿಗೆ ಕೊಟ್ಟುಬಿಡುವುದೆಂಬ ಷರತ್ತನ್ನು ತಾನೇ ಸೇರಿಸಿದ. ತಂದೆಯವರು ಬರೆದ ಅಂಕಿಯನ್ನು ನಾನು ಕೇಳಲಿಲ್ಲ.

ಲಂಡನ್ನಿನ ಒಬ್ಬ ಹುಡುಗನ ವಿಷಯ ಇಲ್ಲಿ ಹೇಳಬೇಕು. ಕ್ವೀನ್ ವೃಂದದ ಬ್ರಯನ್ ಮೇ 1963ರಲ್ಲಿ ಗಿಟಾರು ಕೊಳ್ಳಲು ಮನೆಯಲ್ಲಿ ಹಣವಿಲ್ಲದೆ ತಂದೆಯೊಡನೆ ಸೇರಿ ತಾವೇ ಒಂದನ್ನು ಕಟ್ಟಲು ತೊಡಗಿದರು. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ತಂತಿ ಬಾಗಿಸುವ ಹಿಡಿಯ ತುದಿಗೆ ತಾಯಿಯ ಹೆಣಿಗೆಯ ಕಡ್ಡಿಯ ತುದಿ, ಒಳಗೆ ಹಳೆಯ ಮೋಟಾರು ಸೈಕಲಿನ ಸ್ಪ್ರಿಂಗು. ತಗುಲಿದ ಖರ್ಚು ಸುಮಾರು 8 ಪೌಂಡ್, ಎರಡು ವರ್ಷದ ದುಡಿಮೆ. ಆ ಗಿಟಾರನ್ನೇ ಅವರು ಜೀವನವಿಡೀ ನುಡಿಸುತ್ತ ಬಂದಿದ್ದಾರೆ. ಇದನ್ನು ಮಗನಿಗೆ ಹೇಳಿದಾಗ, "ಅವರ ತಂದೆ ಜೊತೆಗೆ ಕುಳಿತರಲ್ಲ" ಎಂದ.

ಇನ್ನು ಉಳಿದದ್ದು ಈ ವಾದ್ಯದಿಂದಲೇ ಹೊಟ್ಟೆಹೊರೆಯುವವರ ಪ್ರಶ್ನೆ. ಆದಿದೇವರು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ವಿದ್ಯೆಯೂ ಶಿಲ್ಪವೂ ಸೇರಿವೆ. ನಮ್ಮ ಸಮಾಜದ ಹೆಣ್ಣುಮಗಳೊಬ್ಬಳು ನಾಳೆ ಧ್ವನಿಮುದ್ರಣ ಕೇಂದ್ರಗಳಲ್ಲಿ ಗಿಟಾರು ನುಡಿಸಿ ಜೀವನ ನಡೆಸುವುದಾದರೆ ಅವಳ ವಾದ್ಯ ಭೋಗದ ಲೆಕ್ಕಕ್ಕೆ ಬರುವುದಿಲ್ಲ. ರೈತನ ನೇಗಿಲು, ಅಕ್ಕಸಾಲಿಗನ ಪುಟವಿದ್ದಂತೆ ಅದು ಜೀವನೋಪಾಯದ ಉಪಕರಣ. ಎರಡು ಲಕ್ಷದ ಗಿಟಾರು ಎರಡು ವರ್ಷದಲ್ಲಿ ತನ್ನ ಬೆಲೆಯನ್ನು ದುಡಿದು ಕೊಡುವುದಾದರೆ ಅವಳಿಗೆ ಅದು ದುಬಾರಿಯಲ್ಲ, ವಾರಕ್ಕೊಮ್ಮೆ ಮುಟ್ಟುವವನಿಗೆ ಅದರ ಅರ್ಧವೂ ದುಬಾರಿ. ಅವಳು ಎರಡು ಗಿಟಾರು ಇಟ್ಟುಕೊಂಡರೂ ಆಕ್ಷೇಪವಿಲ್ಲ, ತಂತಿ ಹರಿದಾಗ ಕೆಲಸ ನಿಲ್ಲಬಾರದಲ್ಲ. ಮೂರನೆಯದನ್ನು ಕೊಳ್ಳುವ ದಿನ ಅದು ಉಪಕರಣವೋ ಸಂಗ್ರಹವೋ ಎಂಬುದನ್ನು ಅವಳೇ ಹೇಳಬೇಕು. ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕುವಾಗ ವೃತ್ತಿಯ ಕಾಲಂನಲ್ಲಿ ಅವಳು ಏನು ಬರೆಯುತ್ತಾಳೆಂಬುದನ್ನು ನೋಡಿದರೂ ಸಾಕಾದೀತು.